ವೆಲ್ಟರ್‌ವೇಟ್ ಎಂದರೆ ಎಷ್ಟು ಕೆ.ಜಿ.? ತೂಕ ಹಿಡಿಸುವ ನನ್ನ ಕ್ರಮ

ವೆಲ್ಟರ್‌ವೇಟ್ ಎನ್ನುವುದು ಬಾಕ್ಸಿಂಗ್‌ನ ಒಂದು ತೂಕದ ವರ್ಗ. ಮೈಸೂರಿನಲ್ಲಿ ನನ್ನ ಹತ್ತಿರ ಬಾಕ್ಸಿಂಗ್ ಕಲಿಯುವ ಹುಡುಗರು ‘ಸರ್, ನಾನು ವೆಲ್ಟರ್‌ವೇಟ್’ ಎಂದರೆ, ಅಮೆಚೂರಾ ಪ್ರೊಫೆಷನಲ್ಲಾ ಎಂದು ಮೊದಲು ಕೇಳುತ್ತೇನೆ. ಪ್ರೊಫೆಷನಲ್‌ನಲ್ಲಿ ಅದು 140 ಪೌಂಡ್ ದಾಟಿ 147 ಪೌಂಡ್‌ವರೆಗೆ, ಅಂದರೆ 63.5ರಿಂದ 66.68 ಕೆ.ಜಿ. ಒಲಿಂಪಿಕ್ಸ್‌ನಂಥ ಅಮೆಚೂರ್ ಕೂಟದಲ್ಲಿ ಬೇರೆ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಲವ್ಲೀನಾ ಬೊರ್ಗೊಹೈನ್ ಕಂಚು ಗೆದ್ದ ವೆಲ್ಟರ್‌ವೇಟ್‌ನ ಮಿತಿ 69 ಕೆ.ಜಿ. ಇತ್ತು. ಹೆಸರು ಒಂದೇ, ನಡುವೆ ಎರಡು ಕೆ.ಜಿ.ಗೂ ಹೆಚ್ಚು ಅಂತರ. ಆದ್ದರಿಂದ ಫಾರಂ ತುಂಬುವಾಗ ಹೆಸರು ನೋಡಬೇಡಿ, ಆ ಟೂರ್ನಿಯ ಸುತ್ತೋಲೆಯಲ್ಲಿರುವ ಕೆ.ಜಿ. ನೋಡಿ.

ಕಷ್ಟ ಬರುವುದು 66 ಕೆ.ಜಿ. ಹುಡುಗನಿಗೆ. ಪ್ರೊಫೆಷನಲ್ ವೆಲ್ಟರ್‌ವೇಟ್‌ಗೆ ಅವನು ಹೇಳಿ ಮಾಡಿಸಿದಂತಿರುತ್ತಾನೆ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಪಟ್ಟಿಯಲ್ಲಿ 63.5 ಆದ ಮೇಲೆ ನೇರ 71 ಇತ್ತು. ಇನ್ನೂ ಬೆಳೆಯುವ ವಯಸ್ಸಿನವನಾದರೆ ನಾನು ತೂಕ ಇಳಿಸುವುದೇ ಇಲ್ಲ. ಮೇಲಿನ ವರ್ಗದಲ್ಲೇ ಆಡಲಿ, ಮೈ ತುಂಬಲಿ. ವಯಸ್ಕನಾದರೆ ಕೆಳಗಿನ ವರ್ಗಕ್ಕೆ ವಾರಕ್ಕೆ ಅರ್ಧ ಕೆ.ಜಿ.ಯಂತೆ ಐದಾರು ವಾರ ಹಿಡಿದು ಇಳಿಸುತ್ತೇನೆ. ರಾತ್ರಿ ಎರಡು ಮುದ್ದೆ ಉಣ್ಣುವವನಿಗೆ ಒಂದು. ಸೊಪ್ಪು, ಕಾಳು, ಮೊಟ್ಟೆ ಕಡಿಮೆ ಮಾಡುವಂತಿಲ್ಲ. ಕೊನೆಯ ಎರಡು ಮೂರು ದಿನ ಉಪ್ಪಿನಕಾಯಿ, ಹಪ್ಪಳ ಬಂದ್, ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ.

ತೂಕ ನೋಡುವುದು ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ. ತಕ್ಕಡಿ ಗಟ್ಟಿ ನೆಲದ ಮೇಲಿರಬೇಕು. ಮ್ಯಾಟ್ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ. ತೂಕ ಖಚಿತವಿರುವ 20 ಕೆ.ಜಿ. ಪ್ಲೇಟ್ ಇಟ್ಟು ತಕ್ಕಡಿಯನ್ನೇ ಮೊದಲು ಪರೀಕ್ಷಿಸಿ. ಕುಸ್ತಿಯಲ್ಲಿ ವಿನೇಶ್ ಫೋಗಟ್‌ಗೆ ಪ್ಯಾರಿಸ್ ಫೈನಲ್ ತಪ್ಪಿದ್ದು 100 ಗ್ರಾಂನಿಂದ ಎಂಬುದನ್ನು ಗರಡಿ ಮನೆಗಳ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಪ್ರೊಫೆಷನಲ್‌ನಲ್ಲಿ ಸಾಮಾನ್ಯವಾಗಿ ಹಿಂದಿನ ದಿನ ತೂಕ ನೋಡುತ್ತಾರೆ, ನೀರು ತುಂಬಿಕೊಳ್ಳಲು ಸಮಯ ಸಿಗುತ್ತದೆ. ಅಮೆಚೂರ್‌ನಲ್ಲಿ ಪಂದ್ಯದ ದಿನವೇ ಬೆಳಿಗ್ಗೆ ತೂಕ, ಮತ್ತೆ ಪಂದ್ಯವಿದ್ದರೆ ಅಂದೂ ತೂಕ. ಬೆವರಿಳಿಸಿ ಒಣಗಿದ ಮೈಗೆ ಕಾಲು ಓಡುವುದಿಲ್ಲ, ತಲೆಗೆ ಬೀಳುವ ಏಟಿನ ಅಪಾಯವೂ ಹೆಚ್ಚು. ತೂಕ ಮುಗಿದೊಡನೆ ಬೆಲ್ಲ, ನಿಂಬೆ, ಚಿಟಿಕೆ ಉಪ್ಪು ಹಾಕಿದ ಪಾನಕ ಗುಟುಕು ಗುಟುಕಾಗಿ, ಅರ್ಧ ಗಂಟೆ ಬಿಟ್ಟು ಇಡ್ಲಿ ಅಥವಾ ಗಂಜಿ. ಎಣ್ಣೆ ತಿಂಡಿ ಪಂದ್ಯ ಮುಗಿಯುವವರೆಗೆ ಬೇಡ. ಮೂತ್ರ ಇನ್ನೂ ಕಡು ಹಳದಿ ಇದ್ದರೆ ನೀರು ಸಾಲದು. ವಾರ್ಮಪ್‌ಗೂ ಮುಂಚೆ ಮತ್ತೆ ಪಾನಕ ಕುಡಿಸಿ.