ಆಸ್ಟ್ರೋಸೈಟ್ ಚಯಾಪಚಯದ ಅಧ್ಯಯನಗಳನ್ನು ಓದುವ ಬಗೆ

ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟು ಮಾತ್ರ, ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ಈ ಖರ್ಚನ್ನು ನರಕೋಶಗಳೂ ಅವಕ್ಕೆ ಆಸರೆಯಾಗಿರುವ ನಕ್ಷತ್ರಾಕಾರದ ಕೋಶಗಳಾದ ಆಸ್ಟ್ರೋಸೈಟ್‌ಗಳೂ ಹೇಗೆ ಹಂಚಿಕೊಳ್ಳುತ್ತವೆ ಎಂಬುದು ಇನ್ನೂ ಬಗೆಹರಿಯದ ವಾದ. ಆದುದರಿಂದ ‘ಆಸ್ಟ್ರೋಸೈಟ್ ಚಯಾಪಚಯ ಕೆಟ್ಟಿದ್ದರಿಂದ ಈ ಕಾಯಿಲೆ’ ಎನ್ನುವ ಪ್ರಬಂಧವನ್ನು ಕೈಗೆತ್ತಿಕೊಂಡಾಗ, ಆ ಕೋಶದ ಹಲವು ಕೆಲಸಗಳಲ್ಲಿ ಯಾವುದು ಕೆಟ್ಟಿದೆ ಎಂದು ಲೇಖಕರು ಹೇಳುತ್ತಿದ್ದಾರೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ.

ಇದಕ್ಕೆ ಒಳ್ಳೆಯ ಅಭ್ಯಾಸವೆಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕದ ಒಂದು ಅಣುವಿನ ಜಾಡು ಹಿಡಿಯುವುದು. ನರಸಂಧಿಯಲ್ಲಿ ಬಿಡುಗಡೆಯಾದ ಗ್ಲುಟಮೇಟನ್ನು ಆಸ್ಟ್ರೋಸೈಟ್ ಒಳಗೆಳೆದುಕೊಳ್ಳುವಾಗ ಅದರೊಡನೆ ಮೂರು ಸೋಡಿಯಂ ಅಯಾನುಗಳು ಒಳಬರುತ್ತವೆ. ಅವನ್ನು ಹೊರಹಾಕಲು ಸೋಡಿಯಂ ಪಂಪು, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವೊಂದನ್ನು ವ್ಯಯಿಸುತ್ತದೆ. ಬಳಿಕ ಗ್ಲುಟಮೀನ್ ಸಿಂಥೆಟೇಸ್ ಎಂಬ ಕಿಣ್ವ ಮತ್ತೊಂದು ಎಟಿಪಿ ಬಳಸಿ, ಗ್ಲುಟಮೇಟಿಗೆ ಅಮೋನಿಯಾ ಸೇರಿಸಿ ಗ್ಲುಟಮೀನ್ ತಯಾರಿಸುತ್ತದೆ. ಮಿದುಳಿನಲ್ಲಿ ಈ ಕಿಣ್ವ ಬಹುಮಟ್ಟಿಗೆ ಆಸ್ಟ್ರೋಸೈಟ್‌ಗಳಲ್ಲೇ ಇರುವುದರಿಂದ, ನರಕೋಶಗಳು ತಮ್ಮ ಸಂದೇಶವಾಹಕವನ್ನು ಮತ್ತೆ ತಯಾರಿಸಿಕೊಳ್ಳಲು ಈ ಗ್ಲುಟಮೀನನ್ನೇ ನೆಚ್ಚಿಕೊಂಡಿವೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೆ ಏನಾಗುತ್ತದೆ ಎಂದು ಕೇಳುತ್ತಾ ಹೋದರೆ ಕಾಯಿಲೆಗಳು ತಾವಾಗಿ ಬೇರೆಬೇರೆಯಾಗುತ್ತವೆ. ರಕ್ತಪೂರೈಕೆ ನಿಂತ ಪಾರ್ಶ್ವವಾಯುವಿನಲ್ಲಿ ಎಟಿಪಿ ಬರಿದಾಗಿ, ಗ್ಲುಟಮೇಟ್ ಹೊರಗೇ ಶೇಖರವಾಗಿ, ನರಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿ ಅವು ಸಾಯುತ್ತವೆ. ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಕಾಯಿಲೆ) ರೋಗಿಗಳ ಮಿದುಳಿನ ಚಲನಾ ಕಾರ್ಟೆಕ್ಸ್ ಮತ್ತು ಬೆನ್ನುಹುರಿಯಲ್ಲಿ ಇಎಎಟಿ2 ಎಂಬ ಗ್ಲುಟಮೇಟ್ ಸಾಗಣೆ ಪ್ರೋಟೀನು ಕುಗ್ಗಿರುವುದು ಕಂಡುಬಂದಿದೆ. ಯಕೃತ್ತು ಹಠಾತ್ತನೆ ವಿಫಲವಾದಾಗಲಾದರೋ ಕಿಣ್ವ ಸೋಲುವುದಿಲ್ಲ; ಏರಿದ ಅಮೋನಿಯಾವನ್ನು ಗ್ಲುಟಮೀನ್ ಆಗಿಸುತ್ತಾ ಹೋಗುತ್ತದೆ, ಆ ಗ್ಲುಟಮೀನಿನ ಶೇಖರಣೆಯೂ ಸೇರಿ ಆಸ್ಟ್ರೋಸೈಟ್ ನೀರು ತುಂಬಿ ಊದಿಕೊಳ್ಳುತ್ತದೆ. ‘ಚಯಾಪಚಯ ದೋಷ’ ಎಂಬ ಒಂದೇ ಹಣೆಪಟ್ಟಿಯನ್ನು ಈ ಮೂರಕ್ಕೂ ಅಂಟಿಸುವ ಬರಹವನ್ನು ನಾನಂತೂ ನಂಬುವುದಿಲ್ಲ.

ಲ್ಯಾಕ್ಟೇಟ್ ಹೆಸರು ಬಂದಲ್ಲಿ ಓದಿನ ವೇಗ ತಗ್ಗಿಸಿ. ಆಸ್ಟ್ರೋಸೈಟ್‌ಗಳು ಗ್ಲೂಕೋಸನ್ನು ಲ್ಯಾಕ್ಟೇಟ್ ಆಗಿಸಿ ನರಕೋಶಗಳಿಗೆ ದಾಟಿಸುತ್ತವೆ ಎಂಬ ಕಲ್ಪನೆಯನ್ನು 1994ರಲ್ಲಿ ಪೆಲ್ಲೆರಿನ್ ಮತ್ತು ಮ್ಯಾಜಿಸ್ಟ್ರೆಟ್ಟಿ ಮಂಡಿಸಿದರು. ಮಿದುಳಿನ ಗ್ಲೈಕೋಜನ್, ಅಂದರೆ ಗ್ಲೂಕೋಸಿನ ದಾಸ್ತಾನು, ಹೆಚ್ಚಾಗಿ ಆಸ್ಟ್ರೋಸೈಟ್‌ಗಳಲ್ಲಿಯೇ ಇರುತ್ತದೆ. ಅದರ ವಿಘಟನೆಯನ್ನು ತಡೆದಾಗ ಇಲಿಗಳಲ್ಲಿ ದೀರ್ಘಕಾಲದ ನೆನಪು ನಿಲ್ಲದೆ, ಲ್ಯಾಕ್ಟೇಟ್ ಕೊಟ್ಟಾಗ ನಿಂತದ್ದನ್ನು 2011ರ ಪ್ರಯೋಗವೊಂದು ತೋರಿಸಿತು. 2017ರಲ್ಲಿ ಮತ್ತೊಂದು ತಂಡವು, ಉತ್ತೇಜಿತ ನರಕೋಶಗಳು ಹೊರಗಿನ ಲ್ಯಾಕ್ಟೇಟಿಗೆ ಕಾಯದೆ ತಾವೇ ಗ್ಲೂಕೋಸನ್ನು ಒಡೆಯುತ್ತವೆ ಎಂದು ವರದಿ ಮಾಡಿತು. ಹೀಗಾಗಿ ಲ್ಯಾಕ್ಟೇಟ್ ಪ್ರಮಾಣ ಏರಿತು ಎಂದಷ್ಟೇ ಹೇಳುವ ಪ್ರಬಂಧದಿಂದ ಅದು ಯಾವ ಕೋಶದಿಂದ ಹೊರಟು ಯಾವ ಕೋಶವನ್ನು ಸೇರಿತು ಎಂದು ತೀರ್ಮಾನಿಸಲಾಗದು.

ನಂತರ ವಿಧಾನಗಳ ಭಾಗಕ್ಕೆ ಹೋಗಿ, ಕೋಶಗಳನ್ನು ಬೆಳೆಸಿದ ದ್ರವದಲ್ಲಿ ಗ್ಲೂಕೋಸ್ ಎಷ್ಟಿತ್ತು ಎಂದು ಹುಡುಕಿ. ಸಾಮಾನ್ಯವಾಗಿ ಬಳಸುವ ಒಂದು ದ್ರವದಲ್ಲಿ ಅದು 25 ಮಿಲಿಮೋಲಾರ್ ಇರುತ್ತದೆ, ಜೀವಂತ ಮಿದುಳಿನ ಕೋಶಗಳ ನಡುವಿನ ದ್ರವದಲ್ಲಿ ಅದರ ಹತ್ತನೆಯ ಒಂದು ಭಾಗದ ಆಸುಪಾಸು. ಅಂಥ ಸಮೃದ್ಧಿಯಲ್ಲಿ ಬೆಳೆದ ಕೋಶದ ಇಂಧನದ ಆಯ್ಕೆ ತಲೆಬುರುಡೆಯೊಳಗಿನ ಕೋಶಕ್ಕೂ ಅನ್ವಯಿಸುತ್ತದೆಂದು ಭಾವಿಸಬೇಡಿ. ಜಾಡು ಹಿಡಿಯಲೆಂದು ಗುರುತು ಹಚ್ಚಿದ ಅಸಿಟೇಟ್ ಎಂಬ ಇಂಧನವನ್ನು ಬಳಸಿದ್ದರೆ ಅದು ಒಳ್ಳೆಯ ಸೂಚನೆ, ಏಕೆಂದರೆ ಅದನ್ನು ಮುಖ್ಯವಾಗಿ ಆಸ್ಟ್ರೋಸೈಟ್‌ಗಳೇ ಬಳಸಿಕೊಳ್ಳುತ್ತವೆ. ಆಲ್ಝೈಮರ್ ಕಾಯಿಲೆಯಲ್ಲಿ ಗ್ಲೂಕೋಸ್ ಬಳಕೆ ಕುಸಿದದ್ದನ್ನು ಪೆಟ್ ಸ್ಕ್ಯಾನ್ ತೋರಿಸುತ್ತದೆಯಾದರೂ, ಕುಸಿದದ್ದು ನರಕೋಶಗಳದ್ದೋ ಆಸ್ಟ್ರೋಸೈಟ್‌ಗಳದ್ದೋ ಎಂಬುದನ್ನು ಆ ಚಿತ್ರವೊಂದೇ ಹೇಳಲಾರದು.

ಕೊನೆಗೆ ಕಾರಣ ಮತ್ತು ಪರಿಣಾಮಗಳನ್ನು ಬೇರ್ಪಡಿಸಿ. ಗಾಯಕ್ಕೋ ಉರಿಯೂತಕ್ಕೋ ಆಸ್ಟ್ರೋಸೈಟ್ ಪ್ರತಿಕ್ರಿಯಿಸುವುದು ಸಹಜವಾದುದರಿಂದ, ರೋಗಿಯ ಮಿದುಳಿನಲ್ಲಿ ಅದು ಬದಲಾಗಿರುವುದು ಕಾಯಿಲೆಯ ಮೂಲವನ್ನು ಸಾಬೀತುಪಡಿಸುವುದಿಲ್ಲ. ಜಿಎಫ್‌ಎಪಿ ಜೀನಿನ ರೂಪಾಂತರದಿಂದ ಬರುವ ಅಲೆಕ್ಸಾಂಡರ್ ಕಾಯಿಲೆಯಂತೆ ದೋಷ ಆಸ್ಟ್ರೋಸೈಟ್‌ನಲ್ಲೇ ಆರಂಭವಾಗುವ ನಿದರ್ಶನಗಳು ಕಡಿಮೆ. ಬದಲಾದ ಕೋಶಗಳನ್ನು ಎ1, ಎ2 ಎಂದು ಹಾನಿಕರ, ಹಿತಕರ ಎಂಬ ಎರಡೇ ಗುಂಪುಗಳಾಗಿಸಿದ್ದರೆ ಪ್ರಬಂಧದ ವರ್ಷ ನೋಡಿ. ಇಂಥ ಸರಳ ವಿಂಗಡಣೆ ಸಾಲದೆಂದು 2021ರಲ್ಲಿ ಈ ಕ್ಷೇತ್ರದ ಅನೇಕ ಸಂಶೋಧಕರು ಒಟ್ಟಾಗಿ ಬರೆದಿದ್ದಾರೆ.