ಅಲಸಂದೆ ಕಾಳು ಮತ್ತೆ ಕಾಳಾಗುವವರೆಗೆ

ಲೋಟದಲ್ಲಿ ಹತ್ತಿ ಇಟ್ಟು, ನಾಲ್ಕು ಹೆಸರುಕಾಳು ಹಾಕಿ ನೀರು ಚಿಮುಕಿಸುವುದು. ಗಿಡದ ಜೀವನ ಚಕ್ರದ ಪಾಠ ಅಂದರೆ ಹಲವು ವರ್ಷ ನನಗೂ ಅಷ್ಟೇ ಆಗಿತ್ತು. ಮೊಳಕೆ ಬಂದ ದಿನ ಮಕ್ಕಳಿಗೆ ಖುಷಿ. ಹತ್ತು ದಿನಕ್ಕೆ ಗಿಡ ಸೊರಗಿ ಬಾಗುತ್ತಿತ್ತು, ನಾನು ಲೋಟ ತೊಳೆದಿಡುತ್ತಿದ್ದೆ. ಉಳಿದದ್ದನ್ನು ಬೋರ್ಡಿನ ಮೇಲೆ ಬಿಡಿಸಿ, ಬಾಣ ಹಾಕಿ ಗಿಡದಿಂದ ಬೀಜಕ್ಕೆ ತಂದು ಸೇರಿಸುತ್ತಿದ್ದೆ. ಒಂದು ಸಲ ಮೂರನೇ ತರಗತಿಯ ಹುಡುಗಿ ಕೇಳಿದಳು: "ಟೀಚರ್, ಬಾಣ ಯಾಕೆ ವಾಪಸ್ ಬಂತು? ಗಿಡ ಮತ್ತೆ ಚಿಕ್ಕದಾಗುತ್ತಾ?"

ಅವಳ ತಪ್ಪೇನಿಲ್ಲ. ಗಿಡ ಕಾಯಿ ಬಿಟ್ಟಿದ್ದನ್ನು ನಾನು ತೋರಿಸಿಯೇ ಇರಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆ. ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಮುಂದಿನ ಜೂನ್‌ನಲ್ಲಿ ಅಡುಗೆ ಕೋಣೆ ಹಿಂದೆ ಒಂದು ಪಾತಿ ಅಗೆದು, ಊರಿನವರಿಗೆಲ್ಲ ಇಷ್ಟ ಅಂತ ಅವರೆ ಹಾಕಿದೆವು. ಅದು ನನ್ನ ತಪ್ಪು. ಬಳ್ಳಿ ಬೇಲಿ ತುಂಬಾ ಹಬ್ಬಿತು, ಹೂ ಮಾತ್ರ ಇಲ್ಲ. ನಾಟಿ ಅವರೆಗೆ ಹಗಲು ಚಿಕ್ಕದಾಗಬೇಕು, ಚಳಿ ಶುರುವಾಗಬೇಕು. ಸೊಗಡವರೆ ಸಂಕ್ರಾಂತಿ ಹೊತ್ತಿಗೆ ಬರುವುದು ಅದಕ್ಕೇ ಅಲ್ವಾ? ಅಷ್ಟು ತಿಂಗಳು ಕಾಯೋದು ಆರು ವರ್ಷದ ಮಕ್ಕಳಿಗೆ ಆಗುವ ಮಾತಲ್ಲ.

ಆಮೇಲಿನಿಂದ ಅಲಸಂದೆಯನ್ನೇ ನಂಬಿದ್ದೇನೆ. ಜೂನ್ ಮಧ್ಯದಲ್ಲಿ ಬಿತ್ತಿದರೆ ಸುಮಾರು 45 ದಿನಕ್ಕೆ ಹೂ. ಸೆಪ್ಟೆಂಬರ್‌ನಲ್ಲಿ ಒಣಗಿದ ಕಾಯಿ ಕೈಗೆ ಸಿಗುತ್ತದೆ. ದಸರಾ ರಜೆಗೆ ಮೊದಲೇ ಬೀಜದಿಂದ ಬೀಜದವರೆಗೆ ಒಂದು ಸುತ್ತು ಪೂರ್ತಿ.

ಬಿತ್ತುವ ಹಿಂದಿನ ದಿನ, ಮನೆಯಲ್ಲಿರುವ ಯಾವುದಾದರೂ ಕಾಳು ತನ್ನಿ ಅಂತ ಹೇಳುತ್ತೇನೆ. ಯಾರಾದರೊಬ್ಬರು ತೊಗರಿಬೇಳೆ ತಂದೇ ತರುತ್ತಾರೆ. ಬೇಡ ಅನ್ನುವುದಿಲ್ಲ, ಅದನ್ನೂ ಬೇರೆ ಲೋಟದಲ್ಲಿ ಹಾಕಿಸುತ್ತೇನೆ. ಅದು ಉಬ್ಬಿ, ನಾಲ್ಕನೇ ದಿನಕ್ಕೆ ಲೋಳೆ ಬಂದು ವಾಸನೆ ಹೊಡೆಯುತ್ತದೆ. ಪಕ್ಕದ ಲೋಟದ ಅಲಸಂದೆ ಬೇರು ಬಿಟ್ಟಿರುತ್ತದೆ. ಯಾಕೆ ಹೀಗೆ ಅಂತ ಮಕ್ಕಳೇ ಕೇಳುತ್ತಾರೆ. ಆಗ ರಾತ್ರಿ ನೆನೆಸಿಟ್ಟ ಅಲಸಂದೆ ಕಾಳು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತೇನೆ. ಸಿಪ್ಪೆ ಸುಲಿದು, ಉಗುರಿನಿಂದ ಮೆತ್ತಗೆ ಬಿಡಿಸಿದರೆ ಎರಡು ಬೇಳೆ. ಒಂದು ಬೇಳೆಯ ಅಂಚಿಗೆ ಬಿಳಿ ಕೊಕ್ಕಿನಂಥದ್ದು ಅಂಟಿಕೊಂಡಿರುತ್ತದೆ. ಲೆನ್ಸ್ ಹಿಡಿದರೆ ಕೊಕ್ಕಿನ ಪಕ್ಕದಲ್ಲಿ ಮಡಚಿಟ್ಟ ಎರಡು ಪುಟಾಣಿ ಎಲೆ. "ಎಲೆ ಒಳಗೇ ಇದೆ!" ಅಂತ ಯಾರಾದರೂ ಕೂಗುತ್ತಾರೆ. ಆಮೇಲೆ ಎಲ್ಲರಿಗೂ ಲೆನ್ಸ್ ಬೇಕು. ಗಿಡ ಅಲ್ಲೇ ಇದೆ, ಬೇಳೆ ಅದರ ಬುತ್ತಿ. ಮಿಲ್ಲಿನಲ್ಲಿ ಒಡೆದು ಪಾಲಿಶ್ ಮಾಡುವಾಗ ಆ ಪುಟ್ಟ ಗಿಡ ಉದುರಿಹೋಗುತ್ತದೆ, ಬುತ್ತಿ ಮಾತ್ರ ಅಂಗಡಿಗೆ ಬರುತ್ತದೆ. ಇದನ್ನು ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ಮಣ್ಣಲ್ಲಿ ಹಾಕಿದ ಕಾಳು ಬೇಳೆಯನ್ನು ಹೊತ್ತುಕೊಂಡೇ ಮೇಲೆ ಬರುತ್ತದೆ. ಕಡಲೆ ಹಾಗಲ್ಲ, ಅದರ ಬೇಳೆ ಮಣ್ಣೊಳಗೇ ಉಳಿಯುತ್ತದೆ. ಮಕ್ಕಳಿಗೆ ಕಾಣಬೇಕು ಅಂದರೆ ಅಲಸಂದೆಯೇ ಸರಿ. ವಾರದಲ್ಲಿ ಬೇಳೆ ಸುಕ್ಕಾಗಿ ಬಿದ್ದುಹೋಗುತ್ತದೆ. ಗಿಡಕ್ಕೆ ರೋಗ ಬಂತು ಅಂತ ಒಬ್ಬ ಹುಡುಗ ಓಡಿಬಂದಿದ್ದ. ಬುತ್ತಿ ಖಾಲಿ ಆಯ್ತು ಕಣೋ, ಇನ್ನು ಅದೇ ಅಡುಗೆ ಮಾಡಿಕೊಳ್ಳುತ್ತೆ ಅಂದೆ. ಅವನು ಎಲೆ ಮುಟ್ಟಿ ನೋಡಿ, ಸಮಾಧಾನವಾಗಿ ಹೋದ.

ಎತ್ತರ ಅಳೆಯಲು ಸ್ಕೇಲ್ ಕೊಡುವುದಿಲ್ಲ. ಒಂದನೇ ತರಗತಿಯವರಿಗೆ ಅದು ಸುಮ್ನೆ ತಲೆನೋವು. ಪ್ರತಿ ಸೋಮವಾರ ಗಿಡದಷ್ಟೇ ಉದ್ದದ ದಾರ ಕತ್ತರಿಸಿ, ಚಾರ್ಟಿಗೆ ಸಾಲಾಗಿ ಅಂಟಿಸುತ್ತಾರೆ. ಅಂಕಿ ಓದಲು ಬಾರದವರೂ ಗಿಡ ಯಾವ ವಾರ ಜಾಸ್ತಿ ಬೆಳೆಯಿತು ಅಂತ ದೂರದಿಂದಲೇ ಹೇಳುತ್ತಾರೆ.

ಹೂ ಬಿಡುವ ವಾರ ನಾನು ಬೇರೆ ಪಾಠ ಕಡಿಮೆ ಮಾಡುತ್ತೇನೆ. ಪ್ರಾರ್ಥನೆ ಹೊತ್ತಿಗೆ ಅರಳಿರುವ ಹೂ ಬಿಸಿಯೂಟದ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ. ಮಧ್ಯಾಹ್ನ ಹೋದವರಿಗೆ ಸಿಗುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೂವಿನ ತೊಟ್ಟಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟುತ್ತಾರೆ. ಕೆಲವು ಹೂ ಸುಮ್ಮನೆ ಉದುರುತ್ತವೆ. ಆ ಮಕ್ಕಳು ಅತ್ತಿದ್ದೂ ಉಂಟು, ಇನ್ನೊಂದು ಹೂ ಹುಡುಕಿಕೊಟ್ಟಿದ್ದೇನೆ. ಉಳಿದ ಕಡೆ ಒಣಗಿದ ಪಕಳೆ ಕಳಚಿದರೆ ಒಳಗೆ ಬೆಂಕಿಕಡ್ಡಿಯಷ್ಟೂ ಇಲ್ಲದ ಹಸಿರು ಹೀಚು. ಹೂವೇ ಕಾಯಿ ಆಗುತ್ತದೆ ಅನ್ನುವುದು ಆ ಮಕ್ಕಳಿಗೆ ಗೊತ್ತಾಗುವುದು ಆ ಹೊತ್ತಿನಲ್ಲಿ.

ಕಾಯಿ ಒಣಗಿ ಗಲಗಲ ಅನ್ನಲು ಮತ್ತೆ ಮೂರು ವಾರ. ಕಳೆದ ವರ್ಷ ಒಂದು ಗಿಡದ ಕಾಯಿಗಳನ್ನಷ್ಟೇ ಬಿಡಿಸಿ, ಹತ್ತತ್ತರ ಗುಡ್ಡೆ ಮಾಡಿದರು. ಹನ್ನೆರಡು ಗುಡ್ಡೆ, ಮೇಲೆ ಆರು. ಹಾಕಿದ್ದು ಒಂದೇ ಕಾಳು. ಬಾಣದ ಪ್ರಶ್ನೆ ಕೇಳಿದ್ದವಳು ಅಷ್ಟರಲ್ಲಿ ನಮ್ಮ ಶಾಲೆ ದಾಟಿದ್ದಳು. ಅವಳ ತಮ್ಮ ಎಣಿಸುತ್ತಿದ್ದ.

ಒಣಗಿದ ಗಿಡ ಕಿತ್ತಾಗ ಬೇರಿನಲ್ಲಿ ಸಾಸಿವೆಯಂಥ ಗಂಟುಗಳಿದ್ದವು. ಕಾಯಿ ಹಸಿರಿರುವಾಗಲೇ ಒಂದು ಗಿಡ ಕಿತ್ತು ಗಂಟು ಒಡೆದು ನೋಡಿ, ಒಳಗೆ ಗುಲಾಬಿ ಬಣ್ಣ ಇರುತ್ತದೆ. ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾಗಳ ಮನೆ ಅದು. ನಮ್ಮಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ, ಅಂದರೆ ರಾಗಿ ನಡುವೆ ಬಿಡುವ ಬೇರೆ ಬೆಳೆಯ ಸಾಲಿಗೆ, ಇದನ್ನೇ ಹಾಕೋದು ಅಂತ ಒಬ್ಬಳು ಹೇಳಿದಳು. ಮರುದಿನ ಅವಳಪ್ಪನನ್ನೇ ಕರೆಸಿದೆ. ಅರ್ಧ ಗಂಟೆ ಪಾಠ ಅವರದ್ದೇ.

ಬೀಜ ಎತ್ತಿಡುವಾಗ ಜೋಪಾನ. ಮೊದಲ ಸಲ ಡಬ್ಬಿಯಲ್ಲಿ ಹಾಗೇ ಇಟ್ಟೆ, ಜೂನ್‌ನಲ್ಲಿ ತೆಗೆದರೆ ಕಾಳಿಗೆಲ್ಲ ತೂತು, ಕೆಳಗೆ ಹಿಟ್ಟು. ಈಗ ಚೆನ್ನಾಗಿ ಒಣಗಿಸಿ, ಒಲೆಬೂದಿ ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಡಬ್ಬಿಯ ಮೇಲೆ ಹೆಸರು ಬರೆಯುವ ಕೆಲಸ ಮೂರನೇ ತರಗತಿಯವರದ್ದು. ಈ ಜೂನ್‌ನಲ್ಲಿ ಅದನ್ನು ತೆರೆದು ಹೊಸದಾಗಿ ಬಂದ ಒಂದನೇ ತರಗತಿಯವರ ಅಂಗೈಗೆ ಹಂಚಿದವರು ಹೋದ ವರ್ಷ ಬಿತ್ತಿದ್ದ ಮಕ್ಕಳೇ. "ಇದು ನಮ್ಮ ಗಿಡದ್ದು, ಬೀಳಿಸಬೇಡ" ಅಂತ ಒಬ್ಬ ಹೇಳುತ್ತಿದ್ದ.