ಬೆನ್ನಲ್ಲಿ ಎಲ್4 ಎಲ್ಲಿದೆ? ಬೆರಳಲ್ಲೇ ಹುಡುಕೋದು ಹೇಗೆ
ಎಲ್4 ಅಂದ್ರೆ ಸೊಂಟದ ಐದು ಬೆನ್ನುಮೂಳೆಗಳಲ್ಲಿ (ಎಲ್1ರಿಂದ ಎಲ್5) ಮೇಲಿಂದ ನಾಲ್ಕನೇದು. ಬೆನ್ನ ಮೇಲೆ ಬೆರಳಿಟ್ಟು "ಇದೇ ಎಲ್4" ಅಂತ ಸ್ಟೂಡೆಂಟ್ಸ್ ಧೈರ್ಯವಾಗಿ ಹೇಳೋದನ್ನ ನೋಡಿ ನೋಡಿ ಸಾಕಾಗಿದೆ, ಎಷ್ಟೋ ಸಲ ಅದು ಎಲ್3 ಆಗಿರುತ್ತೆ. ಒಂದು ಮೂಳೆ ತಪ್ಪಿದ್ರೆ ಏನ್ ಮಹಾ ಅನ್ಬೇಡಿ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಎಲ್1-ಎಲ್2 ಹತ್ರ ಮುಗಿಯುತ್ತೆ, ಕೆಲವರಲ್ಲಿ ಇನ್ನೂ ಸ್ವಲ್ಪ ಕೆಳಗೆ ಇಳಿದಿರುತ್ತೆ. ಬೆನ್ನಿಂದ ನೀರು ತೆಗೆಯೋ ಡಾಕ್ಟರು ಎಲ್3-ಎಲ್4 ಇಲ್ಲಾ ಎಲ್4-ಎಲ್5 ಸಂದಿಗೆ ಸೂಜಿ ಹಾಕೋದು ಅದಕ್ಕೇ.

ಮೊದಲು, ಕೂರಿಸಿ, ದಿಂಬು ತಬ್ಬಿಸಿ ಮುಂದಕ್ಕೆ ಬಗ್ಗಿಸಿ. ಮಲಗಿಸಿ ಹುಡುಕೋದು ನನಗಂತೂ ಇಷ್ಟ ಇಲ್ಲ.

ಈಗ ಎಲ್ಲರೂ ಎಡವೋ ಜಾಗ. ಎರಡೂ ಕೈ ಸೊಂಟದ ಪಕ್ಕ ಇಟ್ಟು ಇಲಿಯಾಕ್ ಕ್ರೆಸ್ಟ್, ಅಂದ್ರೆ ಸೊಂಟದ ಮೂಳೆಯ ಮೇಲಂಚು ಹುಡುಕ್ಬೇಕು. ಮೇಲಿಂದ ಕೈ ಸುಮ್ನೆ ಇಟ್ರೆ ಬೆರಳು ಕೂರೋದು ಕೊಬ್ಬಿನ ಮಡಿಕೆ ಮೇಲೆ, ಮೂಳೆ ಮೇಲಲ್ಲ, ಎರಡೂ ಕೈ ಸೇರಿಸೋ ಗೆರೆ ಅಲ್ಲೇ ಒಂದು ಮೂಳೆಯಷ್ಟು ಮೇಲಕ್ಕೆ ಹೋಯ್ತು. ಪಕ್ಕದಿಂದ ಒಳಕ್ಕೆ ಒತ್ತಿ, ಆಮೇಲೆ ಕೆಳಕ್ಕೆ ಒತ್ತಿ, ಗಟ್ಟಿ ಅಂಚು ತಾಗೋವರೆಗೂ ಬಿಡ್ಬೇಡಿ. ಅಲ್ಲಿಂದ ಹೆಬ್ಬೆರಳುಗಳನ್ನ ನೇರಕ್ಕೆ ನಡುವಿಗೆ ತಂದ್ರೆ ಎಲ್4 ಮುಳ್ಳು ಅಥವಾ ಅದರ ಕೆಳಗಿನ ಸಂದಿ ಸಿಗುತ್ತೆ. ಮುಳ್ಳು ಅಂದ್ರೆ ಸ್ಪೈನಸ್ ಪ್ರೊಸೆಸ್. ಎದೆ ಭಾಗದಲ್ಲಿ ಅದು ಕೆಳಕ್ಕೆ ಇಳಿಜಾರಾಗಿರುತ್ತೆ, ಸೊಂಟದಲ್ಲಿ ಕೊಡಲಿ ಥರ ಅಗಲ, ನೇರ ಹಿಂದಕ್ಕೆ ಚಾಚಿರುತ್ತೆ, ಹಾಗಾಗಿ ಬೆರಳಿಗೆ ಮೊಂಡು ದಿಬ್ಬ, ಹಳ್ಳ, ಮತ್ತೆ ದಿಬ್ಬ ಅಂತ ಗೊತ್ತಾಗುತ್ತೆ.

ಅಷ್ಟಕ್ಕೇ ನಂಬ್ಬೇಡಿ, ಕೆಳಗಿಂದಲೂ ಎಣಿಸಿ. ಸೊಂಟದ ಕೆಳಗಿನ ಎರಡು ಗುಳಿಗಳ ಮಟ್ಟಕ್ಕೆ ಎಸ್2, ಅಂದ್ರೆ ಎಲ್5 ಕೆಳಗಿನ ಸೇಕ್ರಮ್ ಮೂಳೆಯ ಎರಡನೇ ಭಾಗ ಬರುತ್ತೆ, ಅಲ್ಲಿಂದ ಎಸ್1, ಎಲ್5, ಎಲ್4 ಅಂತ ಮೇಲೆ ಹೋಗಿ. ಎಲ್5 ಮುಳ್ಳು ಚಿಕ್ಕದು, ಒಳಗೆ ಹುದುಗಿರುತ್ತೆ, ಅವಸರದಲ್ಲಿ ಅದನ್ನ ಹಾರಿಸಿ ಎಲ್4ನೇ ಎಲ್5 ಅಂತ ಎಣಿಸ್ಬಿಡ್ತಾರೆ. ಎರಡು ಲೆಕ್ಕವೂ ಒಂದೇ ಕಡೆ ಬಂದ್ರೆ ಮಾತ್ರ ಪೆನ್ನಲ್ಲಿ ಗುರುತು ಹಾಕಿ, ಹಾಕಿದ ಮೇಲೆ ಅವರನ್ನ ಅಲ್ಲಾಡಿಸ್ಬೇಡಿ, ಚರ್ಮ ಜರುಗಿದ್ರೆ ಗುರುತೂ ಜರುಗುತ್ತೆ.

ಬೆರಳು ಇಳಿಸ್ತಾ ಎಲ್4ರಿಂದ ಎಲ್5ಗೆ ಬರುವಾಗ ಮೆಟ್ಟಿಲು ಸಿಕ್ಕ ಹಾಗಾದ್ರೆ ಎಲ್5 ಮುಂದಕ್ಕೆ ಜಾರಿರಬಹುದು. ಕೀಲಿನ ಮೇಲಿನ ಚಾಚು, ಕೆಳಗಿನ ಚಾಚು, ಇವೆರಡರ ಮಧ್ಯದ ಸಣ್ಣ ಕುತ್ತಿಗೆ ಬಿರುಕು ಬಿಟ್ಟಾಗ ಹೀಗಾಗುತ್ತೆ. ಓರೆ ಎಕ್ಸ್‌ರೇಲಿ ಆ ಮೂಳೆ ಪುಟ್ಟ ನಾಯಿ ಥರ ಕಾಣುತ್ತೆ, ಪಕ್ಕದ ಚಾಚು ಮೂತಿ, ಕೀಲಿನ ಮೇಲ್ಚಾಚು ಕಿವಿ, ಬಿರುಕು ಕೊರಳಪಟ್ಟಿ. ಒಮ್ಮೆ ನೋಡಿದ್ರೆ ಮರೆಯಲ್ಲ.

ಪಕ್ಕದ ಚಾಚುಗಳನ್ನ ಕೈಯಲ್ಲಿ ಹುಡುಕೋ ಆಸೆ ಬಿಡಿ, ದಪ್ಪ ಮಾಂಸದ ಅಡಿ ಇರುತ್ತವೆ. ಆದ್ರೆ ಬಿದ್ದು ಪೆಟ್ಟಾಗಿ ಅವು ಮುರಿದಿದ್ರೆ ಕಿಡ್ನಿ, ಹೊಟ್ಟೆ ಕಡೆಗೂ ಕಣ್ಣಿಡ್ಬೇಕು. ಇನ್ನು ಈ ಮೂಳೆಗಳ ಮೇಲಿರೋ ಮ್ಯಾಮಿಲರಿ, ಆಕ್ಸೆಸರಿ ಅನ್ನೋ ಎರಡು ಸಣ್ಣ ಗುಬುಟು, ಇವುಗಳ ನಡುವಿನ ಸಂದೀಲೇ ಕೀಲಿನ ನೋವಿನ ನರ ಹಾದುಹೋಗೋದು, ಅಗ್ಗದ ಪ್ಲಾಸ್ಟಿಕ್ ಮಾಡೆಲ್‌ಗಳಲ್ಲಿ ಅವನ್ನ ನುಣ್ಣಗೆ ಸವರಿಬಿಟ್ಟಿರ್ತಾರೆ, ಐದೂ ಮೂಳೆ ಒಂದೇ ಅಚ್ಚು. ಅಂಥದ್ದಕ್ಕೆ ದುಡ್ಡು ಹಾಕ್ಬೇಡಿ.

ಕೆಲವರಿಗೆ ಎಲ್5 ಕೆಳಗಿನ ಸೇಕ್ರಮ್‌ಗೇ ಬೆಸೆದಿರುತ್ತೆ, ಅಂಥ ಬೆನ್ನಲ್ಲಿ ಎಷ್ಟು ಪಳಗಿದ ಬೆರಳೂ ಲೆಕ್ಕ ತಪ್ಪುತ್ತೆ, ಎಕ್ಸ್‌ರೇ ತೆಗೆಸಿ ಮೇಲಿಂದ ಎಣಿಸಿ.